ಒಂಬತ್ತೂವರೆಯಿಂದ ಹನ್ನೊಂದೂವರೆ

ಮಧ್ಯಾಹ್ನ ಮೂರೂವರೆಗೆ ಸರಿಯಾಗಿ ಲ್ಯಾಬಿನ ಯಜಮಾನರ ಅಳಿಯ ಬಂದು ಎದುರಿನ ಕುರ್ಚಿಯಲ್ಲಿ ಕೂತು ಬಾಯಿ ತೆರೆದಾಗ ಅವಳಿಗೆ ಮೊದಲು ಅನಿಸಿದ್ದು, ಇವನ ಬಾಯಿ ಇಷ್ಟು ಚಿಕ್ಕದೇ ಎಂದು. ಏಳು ತಿಂಗಳಿಂದ ದಿನವೂ ಮುಕ್ಕಾಲು ಗಂಟೆ ಈ ಬಾಯಿ ಆಡಿದ್ದನ್ನು ಕೇಳಿಸಿಕೊಂಡವಳಿಗೆ ಅದು ಊರ ಹೆಬ್ಬಾಗಿಲಿನಷ್ಟು ದೊಡ್ಡದಾಗಿ ಕಂಡಿತ್ತು. ಈಗ ನೋಡಿದರೆ ಒಳಗಿರುವುದು ಎಲ್ಲರಿಗೂ ಇರುವಷ್ಟೇ ಹಲ್ಲು, ಎಲ್ಲರಿಗೂ ಇರುವಂಥದೇ ನಾಲಿಗೆ, ಅದೂ ಹೆದರಿಕೊಂಡು ಹಿಂದಕ್ಕೆ ಮುದುರಿದೆ. ಮೇಲಿನ ಸಾಲಿನ ನಡುವಿನ ಎರಡು ಹಲ್ಲುಗಳಲ್ಲಿ ಬಲಗಡೆಯದು ಇಲ್ಲ. ಕೆಳಗಿನ ಅಂತಸ್ತಿನ ಡಾಕ್ಟರು ಅರೆದು ಉಳಿಸಿದ ಒಂದು ಮೊಳೆಯಂಥ ಚೂರು ಮಾತ್ರ ಇದೆ. ಅದರ ಮೇಲೆ ಕೂರುವ ಹಲ್ಲನ್ನು ಅವಳು ಮಾಡಬೇಕು. ಶನಿವಾರ ಅಳಿಯ ವೇದಿಕೆ ಹತ್ತಬೇಕು. ಅವರಂಥ ಹಲ್ಲಿನ ಲ್ಯಾಬುಗಳ ಯಜಮಾನರೆಲ್ಲ ಸೇರುವ ಸಭೆಯಲ್ಲಿ, ಹೊತ್ತನ್ನು ಹೇಗೆ ಬಳಸಬೇಕು ಎಂಬುದರ ಬಗ್ಗೆ ಅರ್ಧ ಗಂಟೆ ಭಾಷಣ. ಮುಂದಿನ ಹಲ್ಲಿಲ್ಲದೆ ಆ ಮಾತಾಡಿದರೆ ಅರ್ಧ ಅಕ್ಷರ ಗಾಳಿಯಲ್ಲೇ ಹೋಗುತ್ತದೆ.

"ಬೇಗ ಮುಗಿಯತ್ತಾ ಅಕ್ಕಾ?" ಎಂದ ಅವನು. ತೆರೆದ ಬಾಯಿಯಲ್ಲಿ ಅದು "ಏಗ ಉಗಿಯತ್ತಾ" ಎಂದು ಕೇಳಿಸಿತು.

"ಟೈಮ್ ಟೇಬಲ್‌ನಲ್ಲಿ ನಲವತ್ತು ನಿಮಿಷ ಇದೆ ಸರ್," ಎಂದಳು ಅವಳು. "ಮುಚ್ಚಬೇಡಿ. ಹಾಗೇ ಇರಿ."

ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಕಿಟಕಿಯಕ್ಕ ಎನ್ನುತ್ತಿದ್ದರು. ಇಪ್ಪತ್ತೆರಡು ವರ್ಷ ಉತ್ತರದ ಕಿಟಕಿಯ ಕೆಳಗೆ ಕೂತವಳು. ಅಚ್ಚು ಎರೆಯುವವರು ಬೇರೆ, ಮೇಣದಲ್ಲಿ ಆಕಾರ ತೆಗೆಯುವವರು ಬೇರೆ, ಉಜ್ಜಿ ಹೊಳಪು ಕೊಡುವ ಪಾಲಿಶ್ ಮಾಮ ಬೇರೆ. ಬಣ್ಣ ಮಾತ್ರ ಅವಳದು. ಉಳಿದ ಹಲ್ಲುಗಳ ಬಣ್ಣ ನೋಡಿ ಹೊಸ ಹಲ್ಲಿಗೆ ಅದೇ ಬಣ್ಣ ಬರುವ ಹಾಗೆ ಪಿಂಗಾಣಿ ಪುಡಿ ಬೆರೆಸುವುದು. ಹಲ್ಲು ಬಿಳಿ ಎಂದು ತಿಳಿದವರು ಹಲ್ಲನ್ನು ನೋಡಿಲ್ಲದವರು. ಬುಡದಲ್ಲಿ ಹಳದಿ, ನಡುವೆ ಹಾಲು, ತುದಿಯಲ್ಲಿ ಮಳೆ ಬರುವ ಮುಂಚಿನ ನೀಲಿ, ಅದರಲ್ಲೂ ಒಬ್ಬೊಬ್ಬರದು ಒಂದೊಂದು ಥರ. ಅದು ಕಾಣುವುದು ಬೆಳಗಿನ ಒಂಬತ್ತೂವರೆಯಿಂದ ಹನ್ನೊಂದೂವರೆಯವರೆಗೆ, ಬಿಸಿಲು ನೇರ ಬೀಳದ ಉತ್ತರದ ಬೆಳಕಿನಲ್ಲಿ. ಇದನ್ನು ಅವಳಿಗೆ ಹೇಳಿಕೊಟ್ಟವರು ಯಜಮಾನರು. ಅವಳ ಕುರ್ಚಿಯನ್ನು ಆ ಕಿಟಕಿಯ ಕೆಳಗೆ ಅವರೇ ಎಳೆದು ಹಾಕಿದ್ದರು. "ಐದು ಎಣಿಸುವಷ್ಟು ಹೊತ್ತು ನೋಡು, ಆಮೇಲೆ ಗೋಡೆ ನೋಡು. ಕಣ್ಣು ನಿಜ ಹೇಳೋದು ಮೊದಲ ಐದು ಎಣಿಕೆಯಲ್ಲಿ. ಆಮೇಲೆ ಅದು ನಿನಗೆ ಏನು ಬೇಕೋ ಅದನ್ನೇ ಹೇಳೋಕೆ ಶುರು ಮಾಡತ್ತೆ." ಗೋಡೆಗೆ ಬೂದು ಬಣ್ಣ ಹೊಡೆಸಿದ್ದೂ ಅದಕ್ಕೇ. ಆ ಎರಡು ಗಂಟೆ ಅವಳನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಫೋನು ಬಂದರೆ ಪಾಲಿಶ್ ಮಾಮನೇ ಎತ್ತಿ, "ಅಕ್ಕ ಹಲ್ಲಿನೊಳಗೆ ಹೋಗಿದ್ದಾರೆ, ಹನ್ನೊಂದೂವರೆಗೆ ಹೊರಗೆ ಬರ್ತಾರೆ," ಎನ್ನುತ್ತಿದ್ದ.

ಯಜಮಾನರ ಕಣ್ಣಿಗೆ ಪೊರೆ ಬಂತು. ಮಗಳ ಗಂಡ ಬಂದ. ಬಂದ ಮೊದಲ ವಾರವೇ ಎಲ್ಲರಿಗೂ ಒಂದೊಂದು ಕಾಗದ ಹಂಚಿದ: ದಿನದಲ್ಲಿ ನಿಮ್ಮ ತಲೆ ಅತ್ಯಂತ ಚುರುಕಾಗಿರುವ ಹೊತ್ತು ಯಾವುದು, ಬರೆಯಿರಿ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಪರವಾಗಿಲ್ಲ, ಹುಡುಗ ತಿಳಿದವನು ಎಂದುಕೊಂಡು ಅವಳು ಮುತ್ತಿನಂಥ ಅಕ್ಷರದಲ್ಲಿ ಬರೆದಳು: ಒಂಬತ್ತೂವರೆಯಿಂದ ಹನ್ನೊಂದೂವರೆ. ಹೆಚ್ಚುಕಡಿಮೆ ಎಲ್ಲರೂ ಅದನ್ನೇ ಬರೆದಿದ್ದರು. ಸೋಮವಾರ ಬಂದು ನೋಡಿದರೆ ಕಿಟಕಿಯ ಕೆಳಗೆ ಅವಳ ಮೇಜಿಲ್ಲ. ಅಲ್ಲಿ ಒಂದು ಬಿಳಿ ಹಲಗೆ, ಸುತ್ತ ಎಂಟು ಕುರ್ಚಿ. "ಎಲ್ಲರ ತಲೆ ಚುರುಕಾಗಿರೋ ಹೊತ್ತು ಇದೇ ಅಂತ ನೀವೇ ಬರೆದು ಕೊಟ್ಟಿದ್ದೀರಿ," ಎಂದು ಅಳಿಯ ನಗುತ್ತಾ ಹೇಳಿದ. "ಅದಕ್ಕೇ ಮೀಟಿಂಗ್ ಈ ಹೊತ್ತಿಗೇ. ಚಿನ್ನದಂಥ ಹೊತ್ತು. ಬೆಳಕೂ ಇಲ್ಲೇ ಚೆನ್ನಾಗಿದೆ." ಮೀಟಿಂಗು ಮುಗಿದ ಮೇಲೆ ಹನ್ನೊಂದೂವರೆಯವರೆಗೆ ಡಾಕ್ಟರುಗಳಿಗೆ ಫೋನು ಮಾಡುವ ಕೆಲಸ ಅವಳಿಗೆ, ಹಿರಿಯಳು ಎಂಬ ಗೌರವಕ್ಕೆ. ಬಣ್ಣದ ಕೆಲಸ ಮಧ್ಯಾಹ್ನ ಮೂರೂವರೆಗೆ, ಒಳಕೋಣೆಯಲ್ಲಿ, ಎರಡು ಟ್ಯೂಬ್‌ಲೈಟಿನ ಕೆಳಗೆ.

ತಾನು ಬರೆದುಕೊಟ್ಟ ಕಾಗದದಿಂದಲೇ ತನ್ನ ಕುತ್ತಿಗೆ ಕೊಯ್ದನಲ್ಲ ಎಂಬುದು ಅವಳಿಗೆ ಊಟದ ಹೊತ್ತಿಗೆ ಹೊಳೆಯಿತು. ಯಾರೊಂದಿಗೂ ಹೇಳಲಿಲ್ಲ. ಅವತ್ತಿನಿಂದ ಅದು ಅವಳ ಎದೆಯ ಮೂಲೆಯಲ್ಲಿ ಸಣ್ಣ ಉರಿಯ ಒಲೆಯ ಮೇಲಿಟ್ಟ ಪಾತ್ರೆಯ ಹಾಗೆ ಕುದಿಯುತ್ತಲೇ ಇತ್ತು; ಉಕ್ಕುವಂತೆಯೂ ಇಲ್ಲ, ಆರುವಂತೆಯೂ ಇಲ್ಲ. ಮೂರನೇ ತಿಂಗಳಲ್ಲಿ ಅವಳು ಮಾಡಿದ ಒಂದು ಹಲ್ಲು ವಾಪಸ್ ಬಂತು. ಇಪ್ಪತ್ತೆರಡು ವರ್ಷದಲ್ಲಿ ಮೊದಲನೆಯದು. 'ಬೇರೆ ಯಾರದೋ ಹಲ್ಲು ಕಳಿಸಿದ್ದೀರಾ?' ಎಂದು ಡಾಕ್ಟರು ಚೀಟಿ ಬರೆದಿದ್ದರು. ಅಳಿಯ ಬಿಳಿ ಹಲಗೆಯ ಮೇಲೆ ಎಲ್ಲರೆದುರು ಅವಳ ಸಾಲಿನಲ್ಲಿ 'ವಾಪಸ್, ೧' ಎಂದು ಬರೆದ. ಐದನೇ ತಿಂಗಳಲ್ಲಿ ಒಂದನ್ನು ಅಳಿಸಿ ಎರಡು ಮಾಡಿದ. "ತಪ್ಪು ತಿಳ್ಕೋಬೇಡಿ ಅಕ್ಕಾ, ವಯಸ್ಸಾದ ಹಾಗೆ ಎಲ್ಲರಿಗೂ ಆಗತ್ತೆ," ಎಂದ. ಆ '೨' ಈಗಲೂ ಅಲ್ಲಿದೆ. ಫೋನು ಮಾಡುವಾಗ ಅವಳು ಅದನ್ನೇ ನೋಡುತ್ತಿದ್ದಳು. ಒಂದು ದಿನ ಇವನ ಬಾಯಿ ನನ್ನ ಕೈಗೆ ಸಿಗಲಿ ಎಂದು ಅವಳು ಬೇಡಿಕೊಂಡಿದ್ದು ಸುಮ್ಮನೆ ಮಾತಿಗೆ. ಇಷ್ಟು ಅಕ್ಷರಶಃ ಸಿಗುತ್ತದೆ ಎಂದು ಎಣಿಸಿರಲಿಲ್ಲ. ಮೊನ್ನೆ ಮೀಟಿಂಗಿನಲ್ಲಿ ಹಲಗೆಗೆ ಬರೆಯುವ ಪೆನ್ನಿನ ಮುಚ್ಚಳ ಬಿಗಿಯಾಗಿತ್ತೆಂದು ಅವನು ಹಲ್ಲಿನಿಂದ ಕಚ್ಚಿ ಎಳೆದ. ಟಕ್ ಎಂದು ಸದ್ದಾಯಿತು. ಮುಚ್ಚಳ ಬರಲಿಲ್ಲ.

ಈಗ ಆ ಬಾಯಿ ಅವಳ ಎದುರಿಗಿತ್ತು. ಅವಳು ಬಣ್ಣದ ಪಟ್ಟಿ ಎತ್ತಿಕೊಂಡಳು. ಹದಿನಾರು ಮಾದರಿ ಹಲ್ಲುಗಳನ್ನು ಬೆಳ್ಳಗಿನದರಿಂದ ಕಂದಿನವರೆಗೆ ನಂಬರಿನ ಪ್ರಕಾರ ಸಾಲಾಗಿ ಕೋದ ಪಟ್ಟಿ. ಉಳಿದ ಮುಂದಿನ ಹಲ್ಲನ್ನು ಒಂದು ಸಲ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಪಟ್ಟಿಯ ಆರನೆಯದು, ಬುಡದಲ್ಲಿ ಒಂದು ಚಿಟಿಕೆ ಕಂದು ಜಾಸ್ತಿ. ಅಷ್ಟೆ, ಮುಗಿಯಿತು. ಅವಳು ಗೋಡೆಯ ಕಡೆ ತಿರುಗಿದಳು. ಒಳಕೋಣೆಯ ಗೋಡೆ ಬೂದು ಅಲ್ಲ, ಹಸಿರು. ಪರವಾಗಿಲ್ಲ. ಇವತ್ತು ಗೋಡೆಯೂ ಬೇಕಿಲ್ಲ, ಆರನೆಯದೂ ಬೇಕಿಲ್ಲ. ಇವತ್ತು ಟೈಮ್ ಟೇಬಲ್ ಪ್ರಕಾರವೇ ಎಲ್ಲ. ಹಲ್ಲಿಗೆ ಒಂದು ಗುಣವಿದೆ: ಬಾಯಿ ತೆರೆದೇ ಇದ್ದರೆ ಅದು ಒಣಗುತ್ತದೆ, ಒಣಗುತ್ತಾ ಬೆಳ್ಳಗಾಗುತ್ತದೆ. ಮತ್ತೆ ಉಗುರು ನೆನೆದಂತೆ ನೆನೆದು ತನ್ನ ಬಣ್ಣಕ್ಕೆ ಬರಲು ಎಷ್ಟೋ ಹೊತ್ತು ಬೇಕು. ಈ ಕೆಲಸದವರಿಗೆಲ್ಲ ಇದು ಗೊತ್ತು, ಅದಕ್ಕೇ ಮೊದಲ ನಿಮಿಷದಲ್ಲೇ ನೋಡಿ ಮುಗಿಸುತ್ತಾರೆ. ಅಳಿಯ ಮಾತ್ರ ಗಡಿಯಾರ ಹಿಡಿದು ಬಾಗಿಲ ಹತ್ತಿರ ನಿಂತು, ರೋಗಿ ಬಂದು ಕೂತು ಕಷ್ಟಸುಖ ಮಾತಾಡಿ ಎದ್ದು ಹೋಗುವವರೆಗಿನ ಹೊತ್ತನ್ನೆಲ್ಲ ಸೇರಿಸಿ ಬರೆದುಕೊಂಡಿದ್ದ: ಬಣ್ಣ ನೋಡಲು ನಲವತ್ತು ನಿಮಿಷ.

ನಲವತ್ತು ನಿಮಿಷ ಕೂರಿಸಿದಳು. ತುಟಿಯನ್ನು ಎಳೆದು ಹಿಡಿಯುವ ಕೊಕ್ಕೆ ಹಾಕಿ, ಫ್ಯಾನನ್ನು ಅವನ ಮುಖಕ್ಕೆ ತಿರುಗಿಸಿ, ಪಟ್ಟಿಯ ಒಂದೊಂದೇ ಮಾದರಿಯನ್ನು ಹಿಡಿದು, ತಲೆ ಓರೆ ಮಾಡಿ, ಹ್ಞೂಂ ಎಂದು, ಮತ್ತೆ ಮೊದಲಿನಿಂದ. ಹತ್ತನೇ ನಿಮಿಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಇಪ್ಪತ್ತಕ್ಕೆ ದವಡೆ ನಡುಗಿತು. ಅವನು ಏನೋ ಹೇಳಲು ಹೋದ. "ಆ... ಆ..." ಎಂಬ ಸದ್ದಷ್ಟೇ ಬಂತು.

ಆ ಸದ್ದು ಅವಳಿಗೆ ಗೊತ್ತಿತ್ತು. ಅಪ್ಪನ ಬಾಯಿಂದ ಸಂಜೆ ಹೊತ್ತು ಬರುತ್ತಿದ್ದದ್ದು ಅದೇ. ಪಾರ್ಶ್ವವಾಯು ಹೊಡೆದ ಮೇಲೆ ಅಪ್ಪ ಐದು ತಿಂಗಳು ಇದ್ದರು, ಇಲ್ಲಿಂದ ಹತ್ತು ನಿಮಿಷದ ದಾರಿ, ಅಣ್ಣನ ಮನೆಯಲ್ಲಿ. ಬೆಳಿಗ್ಗೆ ಒಂಬತ್ತು ಒಂಬತ್ತೂವರೆಗೆ ತಿಳಿಯಾಗುತ್ತಿದ್ದರು. ಮಾತು ತೊದಲಿದರೂ ಅರ್ಥವಾಗುತ್ತಿತ್ತು, ಪೇಪರಿನ ಚಿತ್ರ ನೋಡುತ್ತಿದ್ದರು, ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಿದ್ದರು. ಹನ್ನೊಂದೂವರೆ ಕಳೆಯುತ್ತಿದ್ದ ಹಾಗೆ ಯಾರೋ ಪರದೆ ಎಳೆದಂತೆ ಒಳಗೆ ಹೋಗಿಬಿಡುತ್ತಿದ್ದರು. "ಮಾತಾಡೋದಿದ್ರೆ ಬೆಳಿಗ್ಗೆಯೇ ಮಾತಾಡಿ," ಎಂದಿದ್ದರು ಡಾಕ್ಟರು. ಅತ್ತಿಗೆ ದಿನವೂ ಹತ್ತು ಗಂಟೆಗೆ ಲ್ಯಾಬಿಗೆ ಫೋನು ಮಾಡುತ್ತಿದ್ದಳು. ಪಾಲಿಶ್ ಮಾಮ ಎತ್ತುತ್ತಿದ್ದ.

"ಮಾವ ಕೇಳ್ತಿದ್ದಾರೆ ಕಣೇ, ಅವಳು ಬಂದ್ಲಾ ಅವಳು ಬಂದ್ಲಾ ಅಂತ. ಬಾಗಿಲ ಕಡೆಯೇ ನೋಡ್ತಾ ಕೂತಿರ್ತಾರೆ. ಒಂದಿನ ಬೆಳಿಗ್ಗೆ ಬಂದು ಹೋಗು," ಎಂದು ಅತ್ತಿಗೆ ಸಂಜೆ ಹೇಳುತ್ತಿದ್ದಳು.

"ಅತ್ತಿಗೆ, ನನ್ನ ಕಣ್ಣು ನಡೆಯೋದು ಆ ಎರಡೇ ಗಂಟೆ. ಅದನ್ನ ಬಿಟ್ರೆ ಜನರ ಬಾಯಲ್ಲಿ ತಪ್ಪು ಹಲ್ಲು ಕೂರತ್ತೆ. ನನಗೇನು ಬರೋಕೆ ಇಷ್ಟ ಇಲ್ವಾ?"

"ಭಾನುವಾರ?"

ಭಾನುವಾರ ಅವಳು ಬಟ್ಟೆ ನೆನೆಸುತ್ತಿದ್ದಳು. ಒಗೆಯುತ್ತಿದ್ದಳು. ಒಗೆದದ್ದನ್ನೇ ಇನ್ನೊಂದು ನೀರಿಗೆ ಹಾಕುತ್ತಿದ್ದಳು. ಅಣ್ಣನ ಮನೆ ತಲುಪುವಾಗ ಹನ್ನೆರಡಾಗಿರುತ್ತಿತ್ತು. ಅಪ್ಪ ಅವಳನ್ನು ಗೋಡೆಯನ್ನು ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ ಒಂದು ಬುಧವಾರ ಬೆಳಿಗ್ಗೆ ಹತ್ತೂಕಾಲಿಗೆ ಹೋದರು. ಅವಳಿಗೆ ತಿಳಿದದ್ದು ಹನ್ನೊಂದೂವರೆಗೆ. ಪಾಲಿಶ್ ಮಾಮ ಮೂರು ಸಲ ಬಾಗಿಲವರೆಗೆ ಬಂದು, ಆ ಎರಡು ಗಂಟೆ ಅವಳನ್ನು ಮಾತಾಡಿಸಬಾರದು ಎಂಬ ಕಟ್ಟಳೆಗೆ ಹೆದರಿ ಹಿಂದೆ ಹೋಗಿದ್ದ. ಅದು ಅಳಿಯ ಬರುವುದಕ್ಕೆ ಎರಡು ತಿಂಗಳು ಮುಂಚಿನ ಮಾತು. ಅಪ್ಪನಿಗೆ ಕೊಡದೆ ಬಚ್ಚಿಟ್ಟುಕೊಂಡ ಹೊತ್ತನ್ನು ಇವನು ಒಂದು ಬಿಳಿ ಹಲಗೆ ನಿಲ್ಲಿಸಲು ಬಳಸಿಕೊಂಡ. ಒಂದು ಕಾಗದ ಹಂಚಿ, ನಗುತ್ತಾ. ಇವನ ದವಡೆ ನಡುಗಲಿ. ಇನ್ನೂ ಹದಿನೆಂಟು ನಿಮಿಷ ಇದೆ.

ನಲವತ್ತನೇ ನಿಮಿಷದಲ್ಲಿ ಅವನ ಹಲ್ಲು ಮೊಟ್ಟೆಯ ಸಿಪ್ಪೆಯಷ್ಟು ಬೆಳ್ಳಗಾಗಿತ್ತು. ಅವಳು ಪಟ್ಟಿಯ ಎರಡನೇ ಮಾದರಿಯನ್ನು ಅದರ ಪಕ್ಕ ಹಿಡಿದಳು. ಎರಡಕ್ಕೂ ಕೂದಲಷ್ಟೂ ವ್ಯತ್ಯಾಸವಿರಲಿಲ್ಲ. ಕನ್ನಡಿ ಕೊಟ್ಟಳು. "ನೀವೇ ನೋಡಿ ಸರ್. ಸರಿ ಇದೆಯಾ?"

ಅಳಿಯ ಕೊಕ್ಕೆ ತೆಗೆಸಿಕೊಂಡು, ತುಟಿ ನೆಕ್ಕಿಕೊಂಡು, ಕನ್ನಡಿ ನೋಡಿದ. "ಪರ್ಫೆಕ್ಟ್," ಎಂದ. ಬಣ್ಣ ಒಪ್ಪಿಗೆಯಾಗಿದೆ ಎಂಬ ಚೀಟಿಗೆ ಸಹಿಯನ್ನೂ ಹಾಕಿದ. ಆ ಚೀಟಿ ಮಾಡಿಸಿದವನೂ ಅವನೇ.

ಅವಳು ಆ ಹಲ್ಲನ್ನು ತನ್ನ ಕೈಯಿಂದ ಆದಷ್ಟು ಚೆನ್ನಾಗಿ ಮಾಡಿದಳು. ಆಕಾರದಲ್ಲಿ ಒಂದು ಕುಂದಿಲ್ಲ. ಪುಡಿಯನ್ನು ಪದರ ಪದರವಾಗಿ ಕುಂಚದಲ್ಲಿ ಕಟ್ಟಿ, ಕುಲುಮೆಯಲ್ಲಿ ಬೇಯಿಸಿ, ಮತ್ತೆ ಕಟ್ಟಿ, ಮತ್ತೆ ಬೇಯಿಸಿ. ಬಣ್ಣ ಮಾತ್ರ ಎರಡನೆಯದು. ಹೀಗೆ ಶ್ರದ್ಧೆಯಿಂದ ಕೆಟ್ಟದ್ದು ಮಾಡುವುದರಲ್ಲಿ ಒಂದು ರುಚಿ ಇತ್ತು. ಇಷ್ಟು ವರ್ಷ ಒಳ್ಳೆಯದು ಮಾಡುವಾಗ ಯಾಕೆ ಇದು ಸಿಕ್ಕಿರಲಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು. ಪಾಲಿಶ್ ಮಾಮ ಅದನ್ನು ಚಿಮಟದಲ್ಲಿ ಹಿಡಿದು, ಕನ್ನಡಕ ಮೇಲಕ್ಕೆ ಸರಿಸಿ, ಅವಳ ಮುಖ ನೋಡಿದ.

"ಅಕ್ಕಾ, ಇದು ಅಳಿಯನದೇನಾ?"

"ಹೌದು."

"ಟ್ಯೂಬ್‌ಲೈಟ್ ಬದಲು ಹಾಕೋಕೆ ಅಂದ್ಕೊಂಡೆ," ಎಂದು ಹೊಳಪು ಕೊಡಲು ಕೂತ. ಮಾಮೂಲಿಗಿಂತ ಜಾಸ್ತಿ ಹೊಳಪು ಕೊಟ್ಟ. ಅವನಿಗೂ ಹಲಗೆಯ ಮೇಲೆ ಒಂದು ಸಾಲಿತ್ತಲ್ಲ.

ಗುರುವಾರ ಸಂಜೆ ಡಾಕ್ಟರು ತಾತ್ಕಾಲಿಕ ಅಂಟು ಹಾಕಿ ಹಲ್ಲು ಕೂರಿಸಿದರು. "ಬಣ್ಣಕ್ಕೆ ನೀವೇ ಸಹಿ ಹಾಕಿದ್ದೀರಿ, ಒಂದು ದಿನ ಇಟ್ಟು ನೋಡಿ," ಎಂದು ಕೆಮ್ಮಿದರಂತೆ. ಶುಕ್ರವಾರ ಒಂಬತ್ತೂವರೆಗೆ ಮೀಟಿಂಗು. ಅಳಿಯ ಹಲಗೆಯ ಮುಂದೆ, ಕಿಟಕಿಗೆ ಎದುರಾಗಿ ನಿಂತು, ನಾಳೆಯ ಭಾಷಣವನ್ನು ಕೆಲಸದವರ ಮೇಲೆ ಪ್ರಯೋಗ ಮಾಡಿದ. "ದಿನದಲ್ಲಿ ಎರಡು ಗಂಟೆ ಸಾಕು! ಆ ಎರಡು ಗಂಟೆ ಯಾವುದು ಅಂತ ಗೊತ್ತಿದ್ರೆ, ಅದನ್ನ ಯಾರಿಗೂ ಬಿಟ್ಟು ಕೊಡದೇ ಇದ್ರೆ, ಉಳಿದ ದಿನ ತಾನಾಗಿ ನಡೆಯತ್ತೆ!" ಉತ್ತರದ ಬೆಳಕು ನೇರ ಅವನ ಬಾಯೊಳಗೆ ಬೀಳುತ್ತಿತ್ತು. ಬಾಯಿ ತೆರೆದಾಗೆಲ್ಲ ಹಳೇ ಮನೆಗಳ ಸಾಲಿನಲ್ಲಿ ಒಂದಕ್ಕೆ ಮಾತ್ರ ಸುಣ್ಣ ಹೊಡೆದಂತೆ ಆ ಹಲ್ಲು ಎದ್ದು ಬರುತ್ತಿತ್ತು. ಅವನು ಏನು ಹೇಳುತ್ತಿದ್ದಾನೆಂದು ಯಾರೂ ಕೇಳುತ್ತಿರಲಿಲ್ಲ. ಎಂಟು ಜನವೂ ಒಂದೇ ಕಡೆ ನೋಡುತ್ತಿದ್ದರು, ಅದನ್ನು ಅವನು ಏಕಾಗ್ರತೆ ಎಂದು ತಿಳಿದು ಇನ್ನೂ ಹುರುಪಿನಿಂದ ಬಾಯಿ ತೆರೆದ. ಅಚ್ಚು ಎರೆಯುವವಳು ಸೆರಗು ಬಾಯಿಗೆ ತುರುಕಿಕೊಂಡಳು.

"ಲೈಟ್ ಆಫ್ ಮಾಡ್ಲಾ ಸರ್?" ಎಂದ ಪಾಲಿಶ್ ಮಾಮ. "ಸಾಕಷ್ಟು ಬೆಳಕಿದೆ."

ಮೊದಲು ಯಾರು ನಕ್ಕರೋ ತಿಳಿಯಲಿಲ್ಲ. ಕೊನೆಗೆ ಎಲ್ಲರೂ ನಕ್ಕರು. ಅಳಿಯ ಒಬ್ಬೊಬ್ಬರ ಮುಖವನ್ನೂ ನೋಡಿ, ಗೋಡೆಯ ಕನ್ನಡಿಯ ಹತ್ತಿರ ಹೋಗಿ, ತುಟಿ ಎತ್ತಿ ನೋಡಿಕೊಂಡ. ಅಲ್ಲಿಂದ ತಿರುಗಿದಾಗ ಅವನ ಕೈ ಬಾಯಿಯ ಮೇಲಿತ್ತು. ಅವಳು ಇದಕ್ಕಾಗಿ ಏಳು ತಿಂಗಳು ಕಾದಿದ್ದಳು. ಹೊಟ್ಟೆಯಲ್ಲಿ ತಂಪಾಗಬೇಕಿತ್ತು, ಆಯಿತು ಕೂಡ, ಬಿಸಿಲಲ್ಲಿ ನಡೆದು ಬಂದು ನೀರು ಕುಡಿದ ಹಾಗೆ. ಆದರೆ ಅದರ ಹಿಂದೆಯೇ ಒಂದು ಸಣ್ಣ ಚಳುಕು, ಎಲ್ಲಿಂದ ಎಂದು ಗೊತ್ತಾಗದ್ದು.

ಅದೇ ಹೊತ್ತಿಗೆ ಯಜಮಾನರು ಬಂದರು. ಕೋಲು ಊರಿಕೊಂಡು, ಬಾಗಿಲಲ್ಲಿ ನಿಂತು, ನಗು ಯಾಕೆ ನಿಂತಿತು ಎಂದು ನೋಡಿದರು. "ಬಾಯಿ ತೆಗೀರಿ ನೋಡೋಣ," ಎಂದರು ಅಳಿಯನಿಗೆ. ಅವನು ಕೈ ತೆಗೆದ. ಪೊರೆ ತೆಗೆಸಿದ ಕಣ್ಣಲ್ಲಿ ಐದು ಎಣಿಸುವಷ್ಟು ನೋಡಿ, ಗೋಡೆ ನೋಡಿ, ಅವಳ ಕಡೆ ತಿರುಗಿದರು.

"ಎಷ್ಟು ಹೊತ್ತು ಬಾಯಿ ತೆಗೆಸಿ ಕೂರಿಸಿದ್ದೆ ಅಮ್ಮಾ?"

"ಟೈಮ್ ಟೇಬಲ್‌ನಲ್ಲಿ ಎಷ್ಟಿದೆಯೋ ಅಷ್ಟು. ನಲವತ್ತು ನಿಮಿಷ."

"ನಲವತ್ತು ಯಾರು ಹಾಕಿದ್ದು?"

ಎಲ್ಲರೂ ನೆಲ ನೋಡಿದರು. ಅಳಿಯ ಹಲಗೆ ನೋಡಿದ.

"ಯಾವ ಹೊತ್ತಿಗೆ?"

"ಮೂರೂವರೆಗೆ. ಒಳಕೋಣೆಯಲ್ಲಿ."

ಯಜಮಾನರು ಕೋಲಿನಿಂದ ಬಿಳಿ ಹಲಗೆಯ ಕಾಲನ್ನು ತಟ್ಟಿ, "ಇದನ್ನ ಒಳಗೆ ತಗೊಂಡು ಹೋಗಿ. ಅವಳ ಮೇಜು ಇಲ್ಲಿಗೆ ಬರ್ಲಿ," ಎಂದರು. ನಾಲ್ಕು ಜನ ಎದ್ದರು. ಹಲಗೆ ಹೊರುವಾಗ ಪಾಲಿಶ್ ಮಾಮನ ತೋಳು ತಾಗಿ ಅವಳ ಸಾಲಿನ '೨' ಅಳಿಸಿಹೋಯಿತು. ತಾಗಿದ್ದೋ ತಾಗಿಸಿದ್ದೋ. "ಗೆದ್ರಿ ಅಕ್ಕಾ," ಎಂದು ಅವನು ಪಿಸುಗುಟ್ಟಿದ. ಯಜಮಾನರು ಹತ್ತಿರ ಬಂದು ದನಿ ತಗ್ಗಿಸಿದರು. "ನಿನ್ನ ಕೈ ನನಗೆ ಗೊತ್ತಿಲ್ವಾ? ಸರಿಯಾದ್ದು ಯಾವುದು ಅಂತ ಗೊತ್ತಿಲ್ಲದೋರು ಇಷ್ಟು ಸರಿಯಾಗಿ ತಪ್ಪು ಮಾಡೋಕಾಗಲ್ಲ. ಇರ್ಲಿ. ಈಗ ಇಲ್ಲೇ, ಈ ಬೆಳಕಲ್ಲಿ ಕೂರಿಸಿ ಇನ್ನೊಂದು ಮಾಡಿಕೊಡು. ನಾಳೆ ಮಧ್ಯಾಹ್ನ ಅವರ ಭಾಷಣ."

ಆ ಚಳುಕು ಏನೆಂದು ಅವಳಿಗೆ ಆಗ ತಿಳಿಯಿತು.

ಆರನೆಯದು, ಬುಡದಲ್ಲಿ ಒಂದು ಚಿಟಿಕೆ ಕಂದು ಜಾಸ್ತಿ. ಅದನ್ನು ಅವಳು ನೋಡಿದ್ದು ಮಧ್ಯಾಹ್ನ ಮೂರೂವರೆಗೆ. ಟ್ಯೂಬ್‌ಲೈಟಿನಲ್ಲಿ. ಐದು ಎಣಿಸುವಷ್ಟರಲ್ಲಿ.

ಅದು ಸುಳ್ಳಿರಬೇಕು. ಆರನೆಯದು ತಪ್ಪೇ ಇರಬೇಕು. ಬೆಳಗಿನ ಬೆಳಕಿಲ್ಲದೆ ಅವಳ ಕಣ್ಣು ನಡೆಯುವುದಿಲ್ಲ, ಇದು ಊರಿಗೆಲ್ಲ ಗೊತ್ತಿರುವ ವಿಷಯ. ಎರಡು ಹಲ್ಲು ವಾಪಸ್ ಬಂದಿಲ್ಲವೇ? ಬಂದಿದ್ದವು. ಮೊದಲನೆಯದು ಬಂದ ದಿನ ಅವಳಿಗೆ ಆದದ್ದು ಅವಮಾನ ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ಚೀಟಿ ಓದುವಾಗ ಎದೆಯಲ್ಲಿ ಏನೋ ಹಗುರಾದದ್ದು, ನೋಡಿ, ನಾನು ಹೇಳಲಿಲ್ಲವೇ ಎಂದು ಮನಸ್ಸು ಯಾರಿಗೋ ಹೇಳಿದ್ದು ಈಗ ನೆನಪಾಯಿತು. ಅಳಿಯನಿಗಲ್ಲ. ಅತ್ತಿಗೆಗೆ, ಆ ಎರಡು ಗಂಟೆ ಬಿಟ್ಟು ಬರಲಾಗದು ಎಂದಿದ್ದಕ್ಕೆ. ಆ ಎರಡು ಹಲ್ಲುಗಳನ್ನು ಮಾಡುವಾಗ ಅವಳು ರೋಗಿಯ ಬಾಯಿಯನ್ನು ಸರಿಯಾಗಿ ನೋಡಿಯೇ ಇದ್ದಳೇ? ನೆನಪಾಗಲಿಲ್ಲ. ಅಥವಾ ನೆನಪಾಯಿತು.

"ಈಗ ಬೇಡ," ಎಂದಳು ಯಜಮಾನರಿಗೆ. "ಮಧ್ಯಾಹ್ನ ಮೂರೂವರೆಗೆ ಮಾಡ್ತೀನಿ. ಒಳಕೋಣೆಯಲ್ಲೇ."

"ಕಿಟಕಿ ವಾಪಸ್ ಕೊಟ್ಟೆನಲ್ಲಮ್ಮಾ!"

"ಮೂರೂವರೆಗೆ."

ಹಠ ಎಂದುಕೊಂಡರು ಎಲ್ಲರೂ. ಸೇಡು ಇನ್ನೂ ತೀರಲಿಲ್ಲ ಎಂದು ಅಚ್ಚು ಎರೆಯುವವಳು ಪಾಲಿಶ್ ಮಾಮನ ಕಿವಿಯಲ್ಲಿ ಹೇಳಿದಳು. ಅಳಿಯ ಬೆವರಿದ. "ಮತ್ತೆ ನಲವತ್ತು ನಿಮಿಷ ಬೇಡ ಅಕ್ಕಾ, ಕೈ ಮುಗೀತೀನಿ," ಎಂದ ಮೂರೂವರೆಗೆ, ಕೂರುವ ಮೊದಲೇ. ಡಾಕ್ಟರು ಹಲ್ಲು ಕಳಚಿ ಕಳಿಸಿದ್ದರು. ಅವನ ಮುಖದಲ್ಲಿ ಈಗ ಹಲಗೆಯ ಮುಂದಿನ ಗತ್ತೇನೂ ಇರಲಿಲ್ಲ. ನಾಳೆ ನಾಲ್ಕು ಜನರ ಎದುರು ಬಾಯಿ ತೆರೆಯಬೇಕಾದ, ತೆರೆಯಲು ಹೆದರಿದ ಒಬ್ಬ ಮನುಷ್ಯ, ಅಷ್ಟೆ. ಅವಳಿಗೆ ಅವನ ಮೇಲೆ ಸಿಟ್ಟು ಬರಿಸಿಕೊಳ್ಳಬೇಕಿತ್ತು. ಹುಡುಕಿದರೂ ಸಿಗಲಿಲ್ಲ.

ಒಂದು, ಎರಡು, ಮೂರು, ನಾಲ್ಕು, ಐದು. "ಆಯ್ತು. ಮುಚ್ಚಿ," ಎಂದಳು.

"ಅಷ್ಟೇನಾ?"

"ಅಷ್ಟೇ."

ಆರನೆಯದು. ಬುಡದಲ್ಲಿ ಒಂದು ಚಿಟಿಕೆ ಕಂದು. ಪುಡಿ ಬೆರೆಸುತ್ತಾ ಅವಳು ಇದು ತಪ್ಪಾಗಲಿ ಎಂದುಕೊಂಡಳು. ಹಲ್ಲು ಮಾಡುವಾಗ ಸರಿ ಬರಲಿ ಎಂದು ಇಪ್ಪತ್ತೆರಡು ವರ್ಷ ಬೇಡಿಕೊಂಡವಳು, ಇವತ್ತು ಅದಕ್ಕಿಂತ ಜೋರಾಗಿ ಬೇಡಿಕೊಂಡಳು. ಹಸಿರಾಗಲಿ, ಬೂದಾಗಲಿ, ಬೆಳಗಿನ ಬೆಳಕಿನಲ್ಲಿ ಸತ್ತವರ ಹಲ್ಲಿನಂತೆ ಕಾಣಲಿ. ಕುಂಚದ ತುದಿಯಲ್ಲಿ ಪದರ ಕಟ್ಟುತ್ತಿದ್ದ ಅವಳ ಬೆರಳುಗಳು ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ. ತಮ್ಮ ಪಾಡಿಗೆ ತಾವು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತ ಅಪ್ಪನ ಬೆರಳುಗಳ ಹಾಗೆ ಓಡಾಡುತ್ತಿದ್ದವು. ಅಪ್ಪನದು ದಾರ ಗುಂಡಿಗಳ ಅಂಗಡಿ. ಬಟ್ಟೆಯ ಚೂರು ಹಿಡಿದು ಬಂದವರಿಗೆ ಅದೇ ಬಣ್ಣದ ದಾರ ಹುಡುಕಿ ಕೊಡಬೇಕು. ಅಪ್ಪ ಉಂಡೆಯೊಂದನ್ನು ತೆಗೆದು, ಬಟ್ಟೆಯನ್ನೂ ಹಿಡಿದು, ಬಾಗಿಲಿಗೆ ಹೋಗಿ ಬೆಳಕಿನಲ್ಲಿ ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸುತ್ತಿದ್ದರು. ಬೆಳಕಿನ ಪಾಠ ಅವಳು ಮೊದಲು ಕಲಿತದ್ದು ಅಲ್ಲಿ, ಆ ಬಾಗಿಲಲ್ಲಿ. ಅದನ್ನು ಅವಳು ಬಂದವರಿಗೆಲ್ಲ ಹೇಳಿಕೊಂಡೂ ಇದ್ದಳು. ಹೇಳದೆ ಬಿಟ್ಟದ್ದು, ಮರೆತೇ ಹೋಗಿದ್ದದ್ದು ಈಗ ಕುಂಚದ ಜೊತೆ ಮೇಲೆ ಬಂತು. ಒಂದು ದಿನ ಅವಳು ಕೇಳಿದ್ದಳು, ದಿನಕ್ಕೆ ನೂರು ಸಲ ಯಾಕೆ ಏಳ್ತೀರಿ ಅಪ್ಪಾ, ಕುರ್ಚಿಯನ್ನೇ ಬಾಗಿಲಿಗೆ ಹಾಕಿಕೊಳ್ಳಬಾರದಾ? ಅಪ್ಪ ನಕ್ಕಿದ್ದರು. "ಬಾಗಿಲು ನನಗೆ ಬೇಕಿಲ್ಲ ಮಗಳೇ, ಗಿರಾಕಿಗೆ ಬೇಕು. ಯಾವ ಉಂಡೆ ಅಂತ ಅವರು ಒಳಗೆ ಬಂದಾಗಲೇ ನನಗೆ ಗೊತ್ತಾಗಿರತ್ತೆ."

ಶನಿವಾರ ಒಂಬತ್ತೂವರೆಗೆ ಮೀಟಿಂಗು ಇರಲಿಲ್ಲ. ಕಿಟಕಿಯ ಕೆಳಗೆ ಅವಳ ಮೇಜು, ಅವಳ ಕುರ್ಚಿ. ಯಾರೋ ಮೇಜನ್ನು ಒರೆಸಿ, ಗಾಜಿನ ಲೋಟದಲ್ಲಿ ನೀರಿಟ್ಟಿದ್ದರು. ಕೆಳಗಿನ ಅಂತಸ್ತಿನಿಂದ ಹಲ್ಲು ಕೂರಿಸಿಕೊಂಡು ಅಳಿಯ ಮೆಟ್ಟಿಲು ಹತ್ತಿ ಬಂದ. ಯಜಮಾನರೂ ಬಂದು ನಿಂತಿದ್ದರು. ಅವಳು ಅವನನ್ನು ಬೆಳಕಿಗೆ ಎದುರಾಗಿ ಕೂರಿಸಿ, ಬಾಯಿ ತೆರೆಸಿ, ನೋಡಿದಳು. ಐದು ಎಣಿಸಿದಳು. ಗೋಡೆ ನೋಡಿದಳು. ಮತ್ತೆ ನೋಡಿದಳು. ತಲೆ ಎಡಕ್ಕೆ ತಿರುಗಿಸಲು ಹೇಳಿದಳು, ಬಲಕ್ಕೆ ತಿರುಗಿಸಲು ಹೇಳಿದಳು, ಗಲ್ಲ ಎತ್ತಲು ಹೇಳಿದಳು. ಎರಡು ಹಲ್ಲುಗಳಲ್ಲಿ ಯಾವುದು ತಾನು ಮಾಡಿದ್ದು ಎಂದು ಒಂದು ಗಳಿಗೆ ಅವಳಿಗೇ ತಿಳಿಯಲಿಲ್ಲ.

"ಏನು, ಸರಿ ಇಲ್ವಾ?" ಎಂದ ಅಳಿಯ ಗಾಬರಿಯಿಂದ.

"ಇದಕ್ಕಿಂತ ಒಳ್ಳೇದು ಇವಳೂ ಮಾಡಿಲ್ಲ, ನಾನೂ ಮಾಡಿಲ್ಲ," ಎಂದರು ಯಜಮಾನರು.

ಅಳಿಯ ಕನ್ನಡಿಯಲ್ಲಿ ನೋಡಿಕೊಂಡ. ನಾಲಿಗೆಯಿಂದ ಸವರಿ ನೋಡಿದ. ಮುಖಕ್ಕೆ ಬಣ್ಣ ಬಂತು, ಗತ್ತು ಬಂತು, ಏಳು ತಿಂಗಳಿನ ನಗುವೂ ಬಂತು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ ಅವನು. ಸಂತೋಷಕ್ಕೇ ಹೇಳಿದ್ದು, ಹೆಗಲಿಗೆ ಕೈ ಹಾಕುವಂಥ ಸಲಿಗೆಯಿಂದ. "ನೋಡಿದ್ರಾ ಅಕ್ಕಾ! ಮಧ್ಯಾಹ್ನಾನೂ ಆಗತ್ತೆ ಅಂತ ನಾನು ಅವತ್ತೇ ಹೇಳ್ಲಿಲ್ವಾ? ಮನಸ್ಸು ಮಾಡ್ಬೇಕು, ಅಷ್ಟೆ."

ಅವಳು ಅವನ ಕೈಯಿಂದ ಕನ್ನಡಿ ತೆಗೆದುಕೊಂಡಳು. ಅವನು ಭಾಷಣದ ಕಾಗದ ಹಿಡಿದು ಇಳಿದುಹೋದ. ಯಜಮಾನರು ಹೋದರು. ಪಾಲಿಶ್ ಮಾಮ ಫೋನು ಎತ್ತಿ, "ಅಕ್ಕ ಹಲ್ಲಿನೊಳಗೆ ಹೋಗಿದ್ದಾರೆ, ಹನ್ನೊಂದೂವರೆಗೆ ಹೊರಗೆ ಬರ್ತಾರೆ," ಎಂದು ಹಳೇ ಠೀವಿಯಲ್ಲಿ ಹೇಳಿ ಇಟ್ಟ. ಇನ್ನು ಯಾರೂ ಬರುವುದಿಲ್ಲ, ಯಾರೂ ಕರೆಯುವುದಿಲ್ಲ. ಬೆಳಕು ಏಳು ತಿಂಗಳ ಹಿಂದೆ ಇದ್ದ ಹಾಗೆಯೇ ಮೇಜಿನ ಮೇಲೆ ಬಿದ್ದಿತ್ತು, ನಾಲ್ಕು ಅಚ್ಚುಗಳು ಅವಳ ಕೈಗೆ ಕಾದು ಸಾಲಾಗಿ ಕೂತಿದ್ದವು. ಗೋಡೆಯ ಗಡಿಯಾರದಲ್ಲಿ ಒಂಬತ್ತು ಐವತ್ತು. ಕಣ್ಣು ತಿಳಿಯಾಗಿತ್ತು, ಎಂದಿಗಿಂತ ತಿಳಿಯಾಗಿತ್ತು. ಅವಳು ಎರಡು ಕೈಯನ್ನೂ ತೊಡೆಯ ಮೇಲಿಟ್ಟುಕೊಂಡು, ಬಾಗಿಲ ಕಡೆ ನೋಡುತ್ತಾ, ಹನ್ನೊಂದೂವರೆ ಆಗಲಿ ಎಂದು ಕಾಯುತ್ತಾ ಕೂತಳು.